ಒದ್ದೆ ಕೂದಲಿಗೆ ಎಲ್ಲಿಂದ ಬಂತು ಇಷ್ಟು ಕಪ್ಪು?

ಪ್ರಶ್ನೆ (ಜಯನಗರ): ಅಕ್ಕಾ, ಮೊನ್ನೆ ಒಂದು ಪಾರ್ಲರ್‌ನಲ್ಲಿ ಕೂದಲಿಗೆ ಕಂದು ಬಣ್ಣ ಹಾಕಿಸಿದೆ. ತೊಳೆದ ತಕ್ಷಣ ಕನ್ನಡೀಲಿ ನೋಡಿದ್ರೆ ಕಪ್ಪೋ ಕಪ್ಪು. "ಇನ್ನೂ ಸ್ವಲ್ಪ ತಿಳಿಯಾಗ್ಲಿ" ಅಂದೆ, ಒದ್ದೇಲೇ ಬ್ಲೀಚ್ ಹಚ್ಚಿದ್ರು. ಮನೆಗೆ ಬಂದು ಒಣಗಿದ ಮೇಲೆ ನೋಡಿದ್ರೆ ತಲೆ ತಾಮ್ರದ ಚೊಂಬು! ಒದ್ದೆಯಾದಾಗ ಯಾಕೆ ಹಾಗೆ ಕಾಣುತ್ತೆ? ನಮ್ಮದು ಬೋರ್‌ವೆಲ್ ನೀರು, ಅದಕ್ಕೇನಾ?

ಉತ್ತರ (ಹೇರ್ ಸ್ಟೈಲಿಸ್ಟ್, ಮಲ್ಲೇಶ್ವರಂ): ನೀರಿನ ಮೇಲೆ ತಪ್ಪು ಹೊರಿಸಬೇಡಿ ಮೇಡಂ, ಕಾವೇರಿ ನೀರಲ್ಲಿ ತೊಳೆದಿದ್ರೂ ಹಾಗೇ ಕಾಣ್ತಿತ್ತು. ಹತ್ತಿ ಸೀರೆ ಸೆರಗಿನ ಮೇಲೆ ಬರೀ ನೀರು ಚೆಲ್ಲಿದ್ರೂ ಆ ಜಾಗ ಗಾಢವಾಗುತ್ತಲ್ಲ, ಇದೂ ಅದೇ.

ಕೂದಲಿನ ಮೈಮೇಲೆ ಮಂಗಳೂರು ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರ ಇರುತ್ತೆ. ಒಣಗಿದ್ದಾಗ ಬೆಳಕು ಅಲ್ಲೇ ತಗುಲಿ ಎಲ್ಲಾ ಕಡೆ ಚದುರುತ್ತೆ. ಹಾಗೆ ಚದುರಿದ ಬಿಳಿ ಬೆಳಕು ಒಳಗಿನ ಬಣ್ಣಕ್ಕೆ ಬೆರೆತು ಅದನ್ನ ತಿಳಿ ಮಾಡುತ್ತೆ. ಎಷ್ಟು ಬೆಳಕು ವಾಪಸ್ ಬರುತ್ತೆ ಅನ್ನೋದಕ್ಕೆ ವಕ್ರೀಭವನ ಸೂಚ್ಯಂಕದ (ಒಂದು ವಸ್ತುವಿನೊಳಗೆ ಹೋಗುವಾಗ ಬೆಳಕು ಎಷ್ಟು ಬಾಗುತ್ತೆ ಅನ್ನೋ ಅಳತೆ) ಲೆಕ್ಕ ಇದೆ: ಗಾಳಿಗೆ 1, ನೀರಿಗೆ 1.33, ಕೂದಲಿಗೆ ಸುಮಾರು 1.55. ಅಂತರ ದೊಡ್ಡದಿದ್ರೆ ಜಾಸ್ತಿ ಬೆಳಕು ವಾಪಸ್. ಗಾಳಿಯಿಂದ ನೇರ ಕೂದಲಿಗೆ ಬಿದ್ದ ಬೆಳಕಲ್ಲಿ ಶೇ 4-5ರಷ್ಟು ಹಿಂದಕ್ಕೆ ಬರುತ್ತೆ. ನೀರು ದಾಟಿ ಕೂದಲು ಮುಟ್ಟೋ ಕಡೆ ಶೇ 1ಕ್ಕಿಂತ ಕಮ್ಮಿ. ಉಳಿದಿದ್ದು ಒಳಗಿಳಿದು, ಕೂದಲಿಗೆ ಬಣ್ಣ ಕೊಡೋ ಮೆಲನಿನ್ ಪಾಲು. ಎಳೆಗಳು ಅಂಟಿಕೊಂಡು ಜಡೆಗಟ್ಟಿರೋದ್ರಿಂದ ಒಂದರಿಂದ ತಪ್ಪಿಸಿಕೊಂಡ ಬೆಳಕನ್ನ ಇನ್ನೊಂದು ನುಂಗುತ್ತೆ. ನೀರಿನ ಮೇಲ್ಮೈಯಿಂದಲೂ ಸ್ವಲ್ಪ ಬೆಳಕು ಬರುತ್ತೆ, ಆದ್ರೆ ಹೆಚ್ಚಾಗಿ ಒಂದೇ ದಿಕ್ಕಿಗೆ. ತಲೆ ಆಡಿಸಿದಾಗ ಮಿಂಚೋದು ಅದೇ.

ನಿಮ್ಮ ಪಾರ್ಲರ್‌ನವರು ಅವಸರ ಮಾಡಿದ್ರು, ಸುಮ್ಮನೆ ಹೇಳ್ತಿಲ್ಲ. ಒಂದು ಎಳೆ ತಗೊಂಡು ಟವೆಲ್ಲಲ್ಲಿ ಒತ್ತಿ, ಡ್ರೈಯರ್ ಹಿಡಿದು, ಕಿಟಕಿ ಹತ್ರ ನೋಡೋಕೆ ಎರಡು ನಿಮಿಷ ಸಾಕಿತ್ತು. ಈಗ ಮತ್ತೆ ಬ್ಲೀಚ್‌ಗೆ ಮಾತ್ರ ಹೋಗಬೇಡಿ.

ಪ್ರಶ್ನೆ (ರಾಜಾಜಿನಗರ): ಮೇಡಂ, ಸ್ನಾನ ಮಾಡಿದಾಗ ನನ್ನ ನರೆ ಮಾಯ, ಮೆಟ್ರೋ ಹತ್ತೋ ಹೊತ್ತಿಗೆ ಪ್ರತ್ಯಕ್ಷ!

ಉತ್ತರ: ಅದೂ ಇದೇ ಆಟ ಸರ್. ನರೆಗೂದಲಲ್ಲಿ ಬಿಳಿ ಬಣ್ಣ ಅಂತ ಏನೂ ಇಲ್ಲ, ಬೆಳಕು ಚದುರಿ ಬೆಳ್ಳಗೆ ಕಾಣುತ್ತೆ. ಒದ್ದೆಯಾದ್ರೆ ಗಾಜಿನೆಳೆ ಥರ ಆಗಿ ಪಕ್ಕದ ಕಪ್ಪು ಕೂದಲಲ್ಲಿ ಬೆರೆತುಹೋಗುತ್ತೆ. ಎಣ್ಣೆ ಹಚ್ಚಿದ್ರೂ ಹೀಗೇ: ಕೊಬ್ಬರಿ ಎಣ್ಣೆಯ ವಕ್ರೀಭವನ ಸೂಚ್ಯಂಕ ಸುಮಾರು 1.45, ನೀರಿಗಿಂತ ಕೂದಲಿಗೆ ಇನ್ನೂ ಹತ್ರ; ಮೇಲಾಗಿ ನೀರಿನ ಥರ ಆರಿಹೋಗಲ್ಲ. ಆದ್ರೆ ಬಣ್ಣ ಹಾಕಿಸೋಕೆ ಬರೋ ದಿನ ದಯವಿಟ್ಟು ಎಣ್ಣೆ ಹಚ್ಚಿಕೊಂಡು ಬರಬೇಡಿ, ನರೆ ಎಷ್ಟಿದೆ ಅಂತ ನನಗೇ ಗೊತ್ತಾಗಲ್ಲ.