ಕಸದ ಗುಡ್ಡದ ನಾತ: ಕೇಸು ಯಾವ ಕೋರ್ಟಿಗೆ?

ಬೇಲಿಯಾಚೆ:
ನಮ್ಮ ಮನೆ ಹಿಂದೆ ಅರ್ಧ ಕಿಲೋಮೀಟರ್ ದೂರದಲ್ಲಿ ಊರ ಕಸವೆಲ್ಲ ಸುರಿಯುತ್ತಾರೆ. ಬೆಳಗಿನ ಜಾವ ಗಾಳಿ ನಿಂತರೆ ಸಾಕು, ಕೊಳೆತ ಮೊಟ್ಟೆ ನಾತ ಒಳಗೇ ಬಂದು ಕೂರುತ್ತದೆ. ಅಮ್ಮ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಮಲಗುತ್ತಾರೆ. ನಾವು ಹತ್ತು ಮನೆಯವರು ಸೇರಿ ಸಿವಿಲ್ ಕೋರ್ಟಲ್ಲಿ ದಾವೆ ಹಾಕಿದೆವು. ಎದುರಿನವರು ನಾತದ ಬಗ್ಗೆ ಮಾತೇ ಎತ್ತಲಿಲ್ಲ. ಈ ಕೇಸು ಇಲ್ಲಿ ನಡೆಯುವುದಿಲ್ಲ, ಪರಿಸರದ ಕೇಸುಗಳನ್ನು ಕೇಳುವ ಹಸಿರು ನ್ಯಾಯಮಂಡಳಿಗೆ ಹೋಗಲಿ ಅಂತ ಅರ್ಜಿ ಕೊಟ್ಟರು. ಎಂಟು ತಿಂಗಳಿಂದ ಬರೀ ಅದೇ ವಾದ.

ಕಪ್ಪುಕೋಟು:
ಬೇಜಾರಾಗಬೇಡಿ, ಅವರ ಅರ್ಜಿಯಲ್ಲಿ ಹುರುಳಿದೆ. ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆ, 29ನೇ ಕಲಂ ನೋಡಿ. ಮಂಡಳಿ ತೀರ್ಮಾನ ಮಾಡಬಹುದಾದ ವಿಷಯವನ್ನು ಸಿವಿಲ್ ಕೋರ್ಟು ಕೇಳುವ ಹಾಗಿಲ್ಲ. ನೀರು, ವಾಯು, ಪರಿಸರ ಕಾಯ್ದೆಗಳ ಉಲ್ಲಂಘನೆಯಾಗಿ ಊರಿಗೆ ಊರೇ ತೊಂದರೆ ಪಡುತ್ತಿದ್ದರೆ ಅದು ಮಂಡಳಿಯ ಕೇಸೇ. ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ.

ಮೂಲೆಮನೆ:
ನಾನು ಇದನ್ನು ಒಪ್ಪುವುದಿಲ್ಲ ಸರ್. ನನ್ನೊಬ್ಬನ ಮನೆಗೆ ಬಾಡಿಗೆದಾರ ಬರುತ್ತಿಲ್ಲ, ನನಗೆ ನಷ್ಟ ಆಗಿದೆ ಅಂದರೆ ಅದು ಖಾಸಗಿ ಉಪದ್ರವ ಅಲ್ವಾ? ಅದಕ್ಕೂ ಚೆನ್ನೈಗೆ ಓಡಬೇಕಾ? ಪಕ್ಕದ ತಾಲ್ಲೂಕಿನ ಕೋರ್ಟು ಬಿಟ್ಟು ಕೂಲಿ ಮಾಡುವವರು ರೈಲು ಹತ್ತಬೇಕು ಅನ್ನುವುದೇ ಅನ್ಯಾಯ.

ಕಪ್ಪುಕೋಟು:
ಒಂದೇ ಮನೆ, ಒಂದೇ ನಷ್ಟ ಆದರೆ ಸಿವಿಲ್ ಕೋರ್ಟು ಅಂತ ಗಟ್ಟಿಯಾಗಿ ವಾದ ಮಾಡಬಹುದು. ಹತ್ತು ಮನೆಯವರು ಸೇರಿ 'ಕಸ ಸುರಿಯುವುದನ್ನೇ ನಿಲ್ಲಿಸಿ' ಅಂತ ಕೇಳಿದಾಗ ಆ ದಾರಿ ಕಿರಿದಾಗುತ್ತದೆ. ನನಗೆ ಹೆದರಿಕೆ ಇರುವುದು ಕಾಲಮಿತಿಯದು. 14ನೇ ಕಲಂ ಪ್ರಕಾರ, ತಕರಾರಿನ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ ಇನ್ನು 60 ದಿನ, ಅಷ್ಟೇ. ನೀವು ಎಂಟು ತಿಂಗಳು ತಪ್ಪು ಬಾಗಿಲಲ್ಲಿ ನಿಂತಿದ್ದೀರಿ.

ಬೇಲಿಯಾಚೆ:
ನಾತ ದಿನಾ ಬರುತ್ತದೆ. ಮೊದಲ ದಿನ ಅಂದರೆ ಯಾವುದು ಸರ್?

ಕಪ್ಪುಕೋಟು:
ಎದುರಿನ ವಕೀಲರು ಅದನ್ನೇ ಹಿಡಿಯುತ್ತಾರೆ. ಪರಿಹಾರ ಕೇಳುವ 15ನೇ ಕಲಂ ಬೇರೆ, ಅಲ್ಲಿ ಐದು ವರ್ಷ ಇದೆ. ಹಾಗಾಗಿ ಅರ್ಜಿಯಲ್ಲಿ ಪರಿಹಾರವನ್ನೂ ಕೇಳಿ.

ಹಳೇ ಗುಮಾಸ್ತ:
ಎಲ್ಲರೂ ದೊಡ್ಡ ಕೋರ್ಟನ್ನೇ ನೋಡುತ್ತಿದ್ದೀರಿ. ಸಾರ್ವಜನಿಕ ಉಪದ್ರವ ತೆಗೆಸಲು ಉಪವಿಭಾಗಾಧಿಕಾರಿ ಮ್ಯಾಜಿಸ್ಟ್ರೇಟರಾಗಿ ಆದೇಶ ಮಾಡಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಂ ಇತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 152. ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ತೆರೆದ ಚರಂಡಿಯ ನಾತ ತಡೆಯಲಾಗದೆ ಜನ ಹೋಗಿದ್ದು ಮ್ಯಾಜಿಸ್ಟ್ರೇಟರ ಹತ್ತಿರವೇ. ಪುರಸಭೆ ದುಡ್ಡಿಲ್ಲ ಅಂತ ಕೈಚೆಲ್ಲಿತು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನೆಪ ಒಪ್ಪಲಿಲ್ಲ.

ಮೂಲೆಮನೆ:
ಹೈಕೋರ್ಟು ಯಾಕೆ ಬೇಡ? ಹಸಿರು ಮಂಡಳಿ ಇದೆ ಅಂತ ಹೈಕೋರ್ಟಿನ ಅಧಿಕಾರ ಹೋಗುವುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ.

ಕಪ್ಪುಕೋಟು:
ಅಧಿಕಾರ ಇದೆ, ನಿಜ. ಆದರೆ ಯಾರ ಮನೆಗೆ ಎಷ್ಟು ನಷ್ಟ ಅಂತ ಸಾಕ್ಷಿ ಹಿಡಿದು ಅಳೆಯುವ ಕೆಲಸವನ್ನು ಸಾಮಾನ್ಯವಾಗಿ ರಿಟ್‌ನಲ್ಲಿ, ಅಂದರೆ ಹೈಕೋರ್ಟಿಗೆ ನೇರವಾಗಿ ಹಾಕುವ ಅರ್ಜಿಯಲ್ಲಿ, ಮಾಡುವುದಿಲ್ಲ. ನಾತಕ್ಕೆ ಫೋಟೋ ಸಾಕ್ಷಿ ಇಲ್ಲ ನೋಡಿ. ತಾರೀಖು, ಹೊತ್ತು, ಗಾಳಿ ಯಾವ ಕಡೆಯಿಂದ ಬಂತು, ಎಲ್ಲ ಬರೆದಿಟ್ಟಿರಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟ ದೂರಿನ ಸ್ವೀಕೃತಿಯೂ ಬೇಕು. ಮೀಥೇನ್ ಅಳೆದು ಹೋದರೆ ಸಾಲದು, ಅದಕ್ಕೆ ವಾಸನೆಯೇ ಇಲ್ಲ. ಮೊಟ್ಟೆ ನಾತ ಹೈಡ್ರೋಜನ್ ಸಲ್ಫೈಡಿನದು, ಅದನ್ನು ಅಳೆಯಿರಿ ಅಂತ ಕೇಳಿ.

ಬೇಲಿಯಾಚೆ:
ಬರೆದಿಟ್ಟಿಲ್ಲ. ಆದರೆ ನಾತ ಬಂದ ದಿನಗಳಿಗೆಲ್ಲ ಅಮ್ಮ ಗೋಡೆ ಕ್ಯಾಲೆಂಡರಲ್ಲಿ ಸುತ್ತು ಹಾಕಿದ್ದಾರೆ. ಎರಡು ವರ್ಷದ್ದು ಇದೆ.

ಕಪ್ಪುಕೋಟು:
ಎರಡನ್ನೂ ಜೋಪಾನವಾಗಿ ತೆಗೆದಿಡಿ. ಮೊದಲ ಸುತ್ತು ಯಾವ ತಾರೀಖಿಗಿದೆ ಅಂತ ಅಮ್ಮನ ಹತ್ತಿರ ಕೂತು ನೋಡಿ. ಐದು ವರ್ಷದ ಲೆಕ್ಕ ಅಲ್ಲಿಂದ ಶುರು.