ಆಸ್ಪತ್ರೆ ಸಿಬ್ಬಂದಿಗೆ 'ಸಾಂಸ್ಕೃತಿಕ ಸೂಕ್ಷ್ಮತೆ' ಕ್ಲಾಸ್: ಒಂದು ಗಂಟೆಯಲ್ಲಿ ಎಂತ ಹೇಳುದು?

ಕುಡ್ಲದ ಸಿಸ್ಟರ್:
ನಮಸ್ಕಾರ. ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸರ್ಜಿಕಲ್ ವಾರ್ಡಿನ ಇನ್‌ಚಾರ್ಜ್. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್‌ನವರು ತಪಾಸಣೆಗೆ ಬರುವ ಮೊದಲು ಎಲ್ಲ ಸ್ಟಾಫಿಗೂ 'ಸಾಂಸ್ಕೃತಿಕ ಸೂಕ್ಷ್ಮತೆ' ಅಂತ ಒಂದು ಗಂಟೆಯ ಕ್ಲಾಸ್ ಆಗ್ಬೇಕಂತೆ. ಕ್ವಾಲಿಟಿಯವರು ಅದನ್ನು ನನ್ನ ತಲೆಗೆ ಕಟ್ಟಿದ್ದಾರೆ. ಅವರು ಕೊಟ್ಟ ಪಿಪಿಟಿಯಲ್ಲಿ ಧರ್ಮಕ್ಕೊಂದು ಸ್ಲೈಡ್ ಉಂಟು. ಹಿಂದೂಗಳು ಹೀಗೆ, ಮುಸ್ಲಿಮರು ಹಾಗೆ, ಜೈನರು ಗಡ್ಡೆ ತಿನ್ನುದಿಲ್ಲ. ಮುಗಿಯಿತು.

ನಮ್ಮ ವಾರ್ಡಿನ ಕಥೆಯೇ ಬೇರೆ ಮಾರ್ರೆ. ತುಳು, ಬ್ಯಾರಿ, ಕೊಂಕಣಿ ಮಾತಾಡುವವರು ಊರಿನವರೇ ಆಯಿತು. ಕಾಸರಗೋಡಿನಿಂದ ಮಲಯಾಳಂನವರು ಬರ್ತಾರೆ, ಮೀನುಗಾರಿಕೆಯ ದಕ್ಕೆಯಿಂದ, ಕಟ್ಟಡದ ಕೆಲಸದಿಂದ ಒಡಿಶಾ, ಜಾರ್ಖಂಡ್‌ನ ಹುಡುಗರು ಬರ್ತಾರೆ. ಸಿಸ್ಟರ್‌ಗಳಲ್ಲಿ ತುಂಬ ಜನ ಕೇರಳದವರು, ಡ್ಯೂಟಿ ಡಾಕ್ಟರ್ ದೆಹಲಿ ಕಡೆಯವರು. ರಾತ್ರಿ ಎರಡು ಗಂಟೆಗೆ ಕನ್ಸೆಂಟ್ ಬೇಕು ಅಂದ್ರೆ ಪೇಷಂಟಿಗೆ ವಿವರಿಸುದು ಯಾರು ಗೊತ್ತುಂಟಾ? ಹೌಸ್‌ಕೀಪಿಂಗ್‌ನ ಒಬ್ಬರು ಅಕ್ಕ. ಅವರಿಗೆ ಐದು ಭಾಷೆ ಬರ್ತದೆ. ಆ ಕೆಲಸ ಅವರ ಡ್ಯೂಟಿ ಲಿಸ್ಟಿನಲ್ಲಿಲ್ಲ, ಸಂಬಳದಲ್ಲಂತೂ ಇಲ್ಲವೇ ಇಲ್ಲ.

ಇನ್ನೊಂದು, ಒಟಿಗೆ ಕರ್ಕೊಂಡು ಹೋಗುವಾಗ ಕರಿಮಣಿ ತೆಗೆಯುವ ವಿಷಯದಲ್ಲಿ ಆಗಾಗ ಜಗಳ, ಕಣ್ಣೀರು. ಅನುಭವ ಇದ್ದವರು ಹೇಳಿ.

ನಿವೃತ್ತ ಮೇಟ್ರನ್, ಹುಬ್ಬಳ್ಳಿ:
ಸಿಸ್ಟರ್, ಆ ಪಿಪಿಟಿ ಮೊದಲು ಡಿಲೀಟ್ ಮಾಡ್ರಿ. ಅದನ್ನ ನೋಡಿದ ಹೊಸ ಹುಡುಗಿಯರು ಪೇಷಂಟಿನ ಹೆಸರು ಓದಿ ಎಲ್ಲಾ ತಿಳಿದುಬಿಟ್ಟಂಗ ಮಾಡ್ತಾರ. ನಮ್ಮಲ್ಲಿ ಬುರ್ಖಾ ಹಾಕ್ಕೊಂಡು ಬಂದ ಒಬ್ಬ ಹೆಣ್ಮಗಳನ್ನ ಲೇಡಿ ಡಾಕ್ಟರ್ ಬರೂತನಕ ಕೂಡಿಸಿದ್ರು. ಆಕಿಗೆ ಬೇಕಾಗಿದ್ದು ಮೊದಲಿನಿಂದ ನೋಡ್ತಿದ್ದ ಗಂಡಸು ಡಾಕ್ಟರೇ. ಆಕೀನ್ನ ಯಾರೂ ಕೇಳಿರಲಿಲ್ಲ, ಅಷ್ಟ.

ಅದಕ್ಕ ನಾವು ಅಡ್ಮಿಷನ್ ಫಾರಂನಾಗ ನಾಕು ಪ್ರಶ್ನೆ ಸೇರಿಸಿದ್ವಿ. ನಿಮಗ ಏನಾಗೇದ ಅಂತ ನಿಮಗನಸ್ತದ? ಯಾಕ ಬಂತು ಅನಸ್ತದ? ಯಾವುದಕ್ಕ ಭಾಳ ಅಂಜಿಕಿ ಅದ? ಮನ್ಯಾಗ ಯಾರನ್ನ ಕೇಳಿ ನಿರ್ಧಾರ ಮಾಡ್ತೀರಿ? ಮೊದಲಿನ ಮೂರು ನಮ್ಮ ತಲಿಯಿಂದ ಬಂದದ್ದಲ್ಲ. ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1970ರ ದಶಕದಾಗ ಬರೆದ ಪ್ರಶ್ನೆಗಳ ಪೈಕಿ ಅವು. ನಾಕನೇದು ನಮ್ಮ ಕಡೆ ಬೇಕೇ ಬೇಕು. ಹಾಸಿಗಿ ಮ್ಯಾಲಿದ್ದಾಕಿ ಹೂಂ ಅಂದಿರ್ತಾಳ, ಸಂಜಿಗೆ ಅತ್ತಿ ಬಂದು ಡಿಸ್ಚಾರ್ಜ್ ಕೇಳ್ತಾಳ.

ಈಗ ತಾಳಿ. ತೆಗೀರಿ ಅನ್ನೋದಕ್ಕ ಕಾರಣ ಅದ: ಡಯಾಥರ್ಮಿ, ಅಂದ್ರ ಕರೆಂಟಿನಿಂದ ಕೊಯ್ದು ರಕ್ತ ನಿಲ್ಲಿಸೂ ಯಂತ್ರ, ಹಚ್ಚಿದಾಗ ಲೋಹ ಇದ್ದಲ್ಲಿ ಚರ್ಮ ಸುಡಬಹುದು, ಉಂಗುರ ಇದ್ದರ ಬೆರಳು ಬಾತು ರಕ್ತ ನಿಲ್ಲಬಹುದು. ಈ ಮಾತನ್ನ ಟ್ರಾಲಿ ಮ್ಯಾಲೆ ಮಲಗಿಸಿದ ಮ್ಯಾಲೆ ಹೇಳಿದ್ರ ಆಕಿಗೆ ಕೇಳಸ್ತದೇನ್ರಿ? ಹಿಂದಿನ ದಿನ ಸಂಜಿಗೆ, ಮನಿಯವರ ಎದುರಿಗೇ ಹೇಳ್ರಿ. ಅರಿಶಿಣ ಹಚ್ಚಿದ ದಾರ ಕಟಗೊಂಡು ಬರ್ತೀನಿ ಅಂದ್ರ, ಕುತ್ತಿಗಿ ಎದಿ ಆಪರೇಷನ್ ಅಲ್ಲದಿದ್ದಾಗ, ನಮ್ಮ ಅರಿವಳಿಕೆ ಡಾಕ್ಟರು ಒಪ್ಪತಿದ್ರು. ನಿಮ್ಮವರನ್ನೂ ಒಂದ್ಸಲ ಕೂತು ಕೇಳಿ ಲಿಖಿತವಾಗಿ ತಗೋರಿ. ಚಿನ್ನ ಯಾರ ಕೈಗೆ ಕೊಟ್ರಿ ಅಂತ ಸಹಿ ಇರಲಿ. ಉಡದಾರ, ಜನಿವಾರ, ತಾಯತ, ಶಿವದಾರ ಎಲ್ಲಾ ಇದೇ ಸಾಲಿನಾಗ ಬರ್ತಾವ. ಕೇಳದೇ ಉಡದಾರ ಕತ್ತರಿಸಿ ಡಸ್ಟ್‌ಬಿನ್ನಿಗೆ ಹಾಕಿದ್ದಕ್ಕ ನಾ ಇಡೀ ಒಂದು ಊರಿನವರ ಬೈಗಳ ಕೇಳೀನಿ. ಕತ್ತರಿಸಿದ್ದು ಬ್ಯಾರೆಯವರು, ಬೈಸಿಕೊಂಡದ್ದು ಮೇಟ್ರನ್!

ರಂಜಾನ್ ಬಗ್ಗೆ: ಸಕ್ಕರಿ ಕಾಯಿಲೆ ಇದ್ದವರನ್ನ ತಿಂಗಳು ಶುರು ಆಗೂಕಿಂತ ಆರೆಂಟು ವಾರ ಮೊದಲೇ ಕರೆದು ಮಾತಾಡ್ರಿ. ಇನ್ಸುಲಿನ್ ಹೊತ್ತು, ಪ್ರಮಾಣ ಬದಲಾಗಬೇಕಾಗ್ತದ. ಉಪವಾಸ ಬ್ಯಾಡ ಅಂತ ಒಂದೇ ಮಾತಿಗೆ ಗದರಿಸಿದ್ರ ಅವರು ನಿಮಗ ಹೇಳದಂಗ ಹಿಡಿತಾರ.

ಆ ಅಕ್ಕನ ವಿಷಯ ಎಲ್ಲಾಕ್ಕಿಂತ ದೊಡ್ಡದು. ಆಕಿ ಹೆಸರು ರೋಸ್ಟರಿನಾಗ ಬರಲಿ, ತಿಂಗಳಿಗೆ ಇಷ್ಟು ಅಂತ ಭತ್ಯ ಕೊಡಿಸ್ರಿ, ಗುಟ್ಟು ಹೊರಗ ಬಿಡಬಾರದು ಅನ್ನೋ ತರಬೇತಿ ಕೊಡ್ರಿ. ಪೇಷಂಟು ಆಕಿ ಓಣಿಯವರೇ ಆಗಿದ್ರ ಬ್ಯಾರೆಯವರನ್ನ ಹುಡುಕ್ರಿ. ಪೇಷಂಟಿನ ಸಣ್ಣ ಮಕ್ಕಳ ಬಾಯಿಂದ ಮಾತ್ರ ಹೇಳಿಸಬ್ಯಾಡ್ರಿ. ತಾಯಿ ಗರ್ಭಕೋಶದ ಸುದ್ದಿ ಹತ್ತು ವರ್ಷದ ಹುಡುಗ ಹೇಳೂದು ನೋಡಿದ್ರ ಸಂಕಟ ಆಗ್ತದ.

ಪ್ರಾಕ್ಟಿಕಲ್_ಮನುಷ್ಯ:
ಮೊದಲು ಬೆಡ್ ಕೊಡಿ, ಬಿಲ್ ಕಡಿಮೆ ಮಾಡಿ. ಸಂಸ್ಕೃತಿ ಆಮೇಲೆ ನೋಡೋಣ.

ಚಾಮರಾಜನಗರದಿಂದ ಒಬ್ಬ ಫೀಲ್ಡ್ ಡಾಕ್ಟರ್:
ಬೆಡ್ ಇದ್ದೂ ಜನ ಬರದೇ ಇರೋದನ್ನ ನಮ್ಮ ಕಡೆ ನೋಡಬಹುದು ಸರ್. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ್ದು ನಿಮಗೆಲ್ಲ ಗೊತ್ತಿರುತ್ತೆ. ಅಲ್ಲಿನ ಬುಡಕಟ್ಟಿನವರಾದ ಸೋಲಿಗರಲ್ಲಿ ಕುಕ್ಕರಗಾಲಲ್ಲಿ ಕೂತು ಹೆರೋದು ಹಿಂದಿನಿಂದ ಬಂದ ರೂಢಿ. ಆಸ್ಪತ್ರೆ ಅಂದ್ರೆ ಅಂಗಾತ ಮಲಗಿಸಿ ಕಾಲು ಕಟ್ಟೋ ಜಾಗ ಅನ್ನೋ ಭಯ ಇದ್ದಾಗ ಯಾರು ಬರ್ತಾರೆ? ಈಗ ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿಯೇ ಯಾವ ಭಂಗಿ ಅನ್ನೋದನ್ನ ಹೆಂಗಸು ಆರಿಸ್ಕೊಳ್ಳಲಿ ಅನ್ನುತ್ತೆ. ಜೊತೆಗೊಬ್ಬರು ತಮ್ಮವರು ಇರಲಿ ಅಂತಲೂ ಹೇಳುತ್ತೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ 2016ರಿಂದಲೇ ಕೇಂದ್ರದ ಒಪ್ಪಿಗೆ ಇದೆ. ಲೇಬರ್ ರೂಮಿನ ಬಾಗಿಲಲ್ಲಿ ನಿಂತ ಸಿಸ್ಟರ್ ಒಪ್ಪಬೇಕಷ್ಟೆ.

ಸಿಕಲ್ ಸೆಲ್ ಅನ್ನೋ ಆನುವಂಶಿಕ ರಕ್ತದ ಕಾಯಿಲೆ ಕೂಡ ಹಾಗೇ. 2023ರಲ್ಲಿ ರಾಷ್ಟ್ರೀಯ ನಿರ್ಮೂಲನಾ ಮಿಷನ್ ಬಂತು, ಕಾರ್ಡ್ ಕೊಡ್ತೀವಿ. ಆದ್ರೆ ಆ ಕಾರ್ಡ್ ನೋಡಿದ್ರೆ ಹುಡುಗಿಗೆ ಮದುವೆ ಆಗಲ್ಲ ಅನ್ನೋ ಭಯವನ್ನ ಹಟ್ಟಿಯಲ್ಲಿ ಕೂತು ಮಾತಾಡೋರು ಬೇಕು. ಸೋಲಿಗರ ಹುಡುಗಿಯೇ ನರ್ಸಿಂಗ್ ಓದಿ ಬಂದು ಮಾತಾಡಿದಾಗ ಕೇಳ್ತಾರೆ, ನಾನು ಹೋದರೆ ತಲೆ ಆಡಿಸಿ ಕಳಿಸ್ತಾರೆ. ಕ್ಲಾಸಿನ ದುಡ್ಡನ್ನ ನೇಮಕಾತಿಗೆ ಹಾಕಿ ಅಂತ ನಿಮ್ಮ ಮ್ಯಾನೇಜ್‌ಮೆಂಟಿಗೆ ಹೇಳಿ ನೋಡಿ.

ಹಾಸನದ ಹುಡುಗಿ, ಲೀಡ್ಸ್:
ಅಕ್ಕ, ನಾನು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ನರ್ಸ್. ಇಲ್ಲಿ ಫೋನ್ ಮೂಲಕ ದುಭಾಷಿ ಸಿಗ್ತಾರೆ, ನಿಮ್ಮಲ್ಲಿ ಅದೊಂದು ಇದ್ದಿದ್ರೆ ಅಂತ ಅನ್ನಿಸ್ತು. ಎರಡೇ ವಿಷಯ ಹೇಳ್ತೀನಿ. 2015ರಿಂದ ಇಲ್ಲಿ ಸಿಬ್ಬಂದಿಯ ಜನಾಂಗೀಯ ಸಮಾನತೆಗೆ ಅಂತಲೇ ಒಂಬತ್ತು ಮಾನದಂಡಗಳಿವೆ: ಯಾವ ಹುದ್ದೆಯಲ್ಲಿ ಯಾರಿದ್ದಾರೆ, ಶಿಸ್ತುಕ್ರಮ ಯಾರ ಮೇಲೆ ಹೆಚ್ಚಾಗ್ತಿದೆ, ಹೀಗೆ. ವರದಿಯಿಂದ ಎಲ್ಲ ಸರಿಹೋಗಿಲ್ಲ. ಆದ್ರೆ ಲೆಕ್ಕ ಹೊರಗೆ ಬಂದ್ರೆ ಬಾಯಿ ಮುಚ್ಚಿಸೋಕೆ ಆಗಲ್ಲ. ನಿಮ್ಮಲ್ಲಿ ನೈಟ್ ಡ್ಯೂಟಿ ಯಾರಿಗೆ ಹೆಚ್ಚು ಬೀಳುತ್ತೆ, ಇನ್‌ಚಾರ್ಜ್ ಯಾರಾಗ್ತಾರೆ, ಹೌಸ್‌ಕೀಪಿಂಗ್‌ನೋರು ಎಲ್ಲಿ ಕೂತು ಊಟ ಮಾಡ್ತಾರೆ ಅಂತ ನೋಡಿದ್ದೀರಾ?

ಇನ್ನೊಂದು, ಬೆರಳಿಗೆ ಹಾಕೋ ಆಕ್ಸಿಮೀಟರ್. ಚರ್ಮ ಕಪ್ಪಗಿದ್ರೆ ಅದು ಆಮ್ಲಜನಕದ ಮಟ್ಟವನ್ನ ಇರೋದಕ್ಕಿಂತ ಹೆಚ್ಚು ತೋರಿಸಬಹುದು. 2020ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ, ಯಂತ್ರ ಕಂಡುಹಿಡಿಯದ ಆಮ್ಲಜನಕದ ಕೊರತೆ ಕಪ್ಪು ಜನರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ನಮ್ಮ ಜನರ ಬಣ್ಣ ನೆನಪಿಸಿಕೊಳ್ಳಿ. ಉಸಿರಾಟದ ವೇಗ ಎಣಿಸೋದನ್ನ ಬಿಡಬೇಡಿ ಅಂತ ಆ ಒಂದು ಗಂಟೆಯಲ್ಲಿ ಹೇಳಿ.

ಕುಡ್ಲದ ಸಿಸ್ಟರ್:
ಎಲ್ಲರಿಗೂ ಥ್ಯಾಂಕ್ಸ್. ಕ್ವಾಲಿಟಿಯವರ ಹತ್ರ ಮಾತಾಡಿದೆ. ಪ್ರಿ-ಆಪ್ ಚೆಕ್‌ಲಿಸ್ಟಿಗೆ ಕರಿಮಣಿ-ಉಡದಾರದ ಸಾಲು ಸೇರಿಸ್ಲಿಕ್ಕೆ ಒಪ್ಪಿದ್ದಾರೆ, ಹಿಂದಿನ ದಿನ ಸಂಜೆಯೇ ಕೇಳಿ ಸಹಿ ಮಾಡ್ಬೇಕು ಅಂತ. ಆಕ್ಸಿಮೀಟರ್ ವಿಷಯ ನಮ್ಮ ಐಸಿಯು ಇನ್‌ಚಾರ್ಜ್‌ಗೂ ಹೊಸತು. ಅಕ್ಕನ ಭತ್ಯೆ ಮಾತ್ರ ಎಚ್‌ಆರ್‌ಗೆ ಹೋಗಿ ಕೂತಿದೆ. "ಅವರು ಗುತ್ತಿಗೆಯವರು, ನಮ್ಮ ಸ್ಟಾಫ್ ಅಲ್ಲ" ಅಂತೆ. ಕನ್ಸೆಂಟ್ ಹೇಳ್ಸುವಾಗ ಮಾತ್ರ ನಮ್ಮವರು!

ಮೇಡಂ, ಒಂದು ಸಂಶಯ. ಲಿಂಗತ್ವ ಅಲ್ಪಸಂಖ್ಯಾತರು ಅಡ್ಮಿಟ್ ಆದ್ರೆ ಯಾವ ವಾರ್ಡ್?

ನಿವೃತ್ತ ಮೇಟ್ರನ್, ಹುಬ್ಬಳ್ಳಿ:
ಅವರನ್ನೇ ಕೇಳ್ರಿ. ಜಾಗ ಇಲ್ಲ ಅಂತ ವಾಪಸ್ ಕಳಸೂದು ಅವರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಪ್ರಕಾರ ತಪ್ಪು. ಕೇಸ್ ಶೀಟಿನಾಗ ಹಳೇ ಹೆಸರಿದ್ರೂ ಕರೆಯೂದು ಅವರು ಹೇಳಿದ ಹೆಸರಿನಿಂದ. ಪ್ರೈವೇಟ್ ರೂಮ್ ಕೊಟ್ರ ಅದರ ಬಿಲ್ ಅವರ ಮ್ಯಾಲೆ ಹಾಕಬ್ಯಾಡ್ರಿ ಅಂತ ಮೊದಲೇ ಬರೆಸಿಕೋರಿ. ಮತ್ತ ಆ ಎಚ್‌ಆರ್‌ನವರಿಗೆ, ಗುತ್ತಿಗೆ ಕಂಪನಿಯ ಬಿಲ್ಲಿನಾಗ ದುಭಾಷಿ ಅಂತ ಒಂದು ಸಾಲು ಹೆಚ್ಚಿಗೆ ಸೇರಿಸ್ರಿ ಅನ್ರಿ. ನಾವು ಹಂಗ ಮಾಡಿದ್ವಿ, ಪಾಸ್ ಆತು.