ಟೇಬಲ್ ಮೇಲಿನ ಆಂಥೂರಿಯಂ

ಗುಂಪು: ಅಜ್ಜಿ ಮನೆ, ಸೋಮವಾರಪೇಟೆ

ಮೈಸೂರು ಅತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) ⚠️ ಎಚ್ಚರಿಕೆ!! ಊಟದ ಟೇಬಲ್ ಮೇಲೆ ಆಂಥೂರಿಯಂ ಹೂ ಇಡಬೇಡಿ. ಅದರಿಂದ ವಿಷದ ಗಾಳಿ ಬರುತ್ತದೆ. ಅರ್ಧ ಗಂಟೆಯಲ್ಲಿ ಮಕ್ಕಳ ಉಸಿರು ಕಟ್ಟುತ್ತದೆ. ದೊಡ್ಡ ಡಾಕ್ಟರೊಬ್ಬರು ಹೇಳಿದ್ದು. ಬದಲಿಗೆ ಮನಿಪ್ಲಾಂಟ್ ಇಡಿ, ಗಾಳಿ ಶುದ್ಧವಾಗುತ್ತದೆ. ನಿಮ್ಮವರಿಗೆಲ್ಲ ಕಳಿಸಿ 🙏

ಮೈಸೂರು ಅತ್ತೆ: ಸುಮಾ, ಅಜ್ಜಿಯ 80ರ ಊಟಕ್ಕೆ ನೀನು ಇದೇ ಹೂ ಇಡುತ್ತೀಯಂತೆ. ಮೊದಲು ಇದನ್ನು ಓದು.

ಶರತ್: ಯಾವ ಡಾಕ್ಟರು ಅತ್ತೆ? ಹೆಸರು? ಊರು?

ಮೈಸೂರು ಅತ್ತೆ: ನಮ್ಮ ಭಜನೆ ಗುಂಪಿನಲ್ಲಿ ಬಂತು. ಅಲ್ಲಿರುವವರೆಲ್ಲ ಓದಿದವರು.

ಶರತ್: ನಾನು ಕೇಳಿದ್ದು ಹೇಳಿದವರ ಹೆಸರು, ಕಳಿಸಿದವರದ್ದಲ್ಲ.

ದೊಡ್ಡಪ್ಪ: ಶರತ್, ದೊಡ್ಡವರ ಹತ್ತಿರ ಮಾತಾಡುವ ರೀತಿ ಇದಲ್ಲ. ಹಿಂದೆ ಪಂಕ್ತಿಯಲ್ಲಿ ಬಾಳೆ ಎಲೆ ಹಾಕಿ ಬಡಿಸುತ್ತಿದ್ದೆವು. ಊಟದ ಮುಂದೆ ಹೂ ಯಾರೂ ಇಡುತ್ತಿರಲಿಲ್ಲ. ಎಲೆ ತುಂಬಿದ್ದರೆ ಅದೇ ಅಲಂಕಾರ.

ಚಿಕ್ಕಮ್ಮ: ಭಾವ, ಈಗ ಹಾಲ್‌ನಲ್ಲಿ 12 ರೌಂಡ್ ಟೇಬಲ್ ಇವೆ. ಬೋಳು ಬೋಳಾಗಿ ಬಿಡಲು ಆಗುತ್ತದಾ?

ಸುಮಾ: ಅತ್ತೆ, ಓದಿದೆ. ಗಾಳಿಯಿಂದ ಏನೂ ಆಗುವುದಿಲ್ಲ. ಆ ಗಿಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವ ಸಣ್ಣ ಹರಳುಗಳಿವೆ, ಸೂಜಿಯಷ್ಟು ಚೂಪು. ಎಲೆಯನ್ನೋ ಹೂವನ್ನೋ ಜಗಿದರೆ ಬಾಯಿ, ಗಂಟಲು ಉರಿಯುತ್ತದೆ, ಊದಿಕೊಳ್ಳಲೂಬಹುದು. ಪಕ್ಕದಲ್ಲಿ ಕೂತರೆ ಅಲ್ಲ. ನಮ್ಮ ಕೆಸ ತುರಿಸುವುದೂ ಇದೇ ಹರಳಿನಿಂದ. ಎರಡೂ ಒಂದೇ ಕುಟುಂಬದ ಗಿಡಗಳು. ಪುಟ್ಟ ಮಕ್ಕಳ ಟೇಬಲ್‌ಗೆ ನಾನು ಆಂಥೂರಿಯಂ ಇಡುವುದಿಲ್ಲ. ಅಲ್ಲಿಗೆ ಬುಟ್ಟಿಯಲ್ಲಿ ಕಿತ್ತಳೆ.

ಪವನ್: ಕೆಸ ಅಂದ ತಕ್ಷಣ ಅಜ್ಜಿಯ ಮರಕೆಸದ ಪತ್ರೊಡೆ ನೆನಪಾಯಿತು 😋 ಆಟಿ ಮಳೆ, ಒದ್ದೆ ಕಂಬಳಿ, ನಾವೆಲ್ಲ ಒಲೆ ಮುಂದೆ.

ಪವನ್: ಕಿತ್ತಳೆಯೂ ಅಷ್ಟೇ! ಕಾಫಿ ಗಿಡದ ಮಧ್ಯೆ ಎಷ್ಟು ಮರ ಇದ್ದವು. ಕಿತ್ತು ಅಲ್ಲೇ ತಿನ್ನುತ್ತಿದ್ದೆವು.

ದೊಡ್ಡಪ್ಪ: ಗ್ರೀನಿಂಗ್ ರೋಗ ಬಂತು, ಮರ ಒಣಗಿತು. ಕೊಡಗಿನ ಕಿತ್ತಳೆಗೆ ಜಿಐ ಟ್ಯಾಗ್ ಇದೆ, ಪೇಟೆಯಲ್ಲಿ ಕಾಣುವುದು ನಾಗಪುರದ್ದು.

ಶರತ್: ನಾವು ಹೂವಿನ ವಿಷಯ ಮಾತಾಡುತ್ತಿದ್ದೆವು.

ಕುಶಾಲನಗರ ಮಾವ: ಸುಮ್ನೆ ಯಾಕೆ ಇಷ್ಟು ತಲೆನೋವು? ನಮ್ಮಲ್ಲಿ ಡೆಕೊರೇಷನ್ ಹುಡುಗ ಇದ್ದಾನೆ. ಓಯಸಿಸ್ ಸ್ಪಂಜಿಗೆ ಹೂ ಚುಚ್ಚಿ ಬೇಗ ಮುಗಿಸುತ್ತಾನೆ.

ಸುಮಾ: ಮಾವ, ಆ ಹಸಿರು ಸ್ಪಂಜು ಮಾತ್ರ ಬೇಡ. 1954ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು ಅದು. ಹಿಸುಕಿದರೆ ಪುಡಿಯಾಗುತ್ತದೆ, ಆದರೆ ಆ ಪುಡಿಯೂ ಪ್ಲಾಸ್ಟಿಕ್ಕೇ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು 2021ರಿಂದ ತಮ್ಮ ಹೂವಿನ ಪ್ರದರ್ಶನಗಳಲ್ಲಿ ಅದಕ್ಕೆ ಜಾಗವನ್ನೇ ಕೊಡುತ್ತಿಲ್ಲ. ನಮಗೆ ಬಾಳೆ ದಿಂಡು ಇದೆಯಲ್ಲ! ಗೊನೆ ಕಡಿದ ಗಿಡದ್ದನ್ನು ಗೇಣುದ್ದ ತುಂಡು ಮಾಡಿ, ಮಲಗಿಸಿ, ಚೂಪು ಕಡ್ಡಿಯಿಂದ ತೂತು ಮಾಡಿ ಹೂ ಚುಚ್ಚಿದರೆ ಗಟ್ಟಿ ನಿಲ್ಲುತ್ತದೆ. ಅದರ ತುಂಬ ನೀರೇ. ಬಾಳೆ ಕರೆ ಟೇಬಲ್ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಹಾಗಾಗಿ ಅಡಿಗೆ ಸ್ಟೀಲ್ ತಟ್ಟೆ. ಸುತ್ತ ಜರಿಗಿಡದ ಎಲೆ, ಹಸಿ ಒಳ್ಳೆಮೆಣಸಿನ ಗೊಂಚಲು. ಎತ್ತರ ಒಂದು ಅಡಿ ದಾಟಬಾರದು, ಎದುರಿಗೆ ಕೂತವರ ಮುಖ ಕಾಣಬೇಕು. ಮುಗಿದ ಮೇಲೆ ಎಲ್ಲವೂ ಗೊಬ್ಬರದ ಗುಂಡಿಗೆ.

ದೊಡ್ಡಪ್ಪ: ಒಳ್ಳೆಮೆಣಸು ಅಲಂಕಾರಕ್ಕಾ? ಒಮ್ಮೆ ಆಗಿದ್ದು ಸಾಕು. ಆ ನಿಶ್ಚಿತಾರ್ಥಕ್ಕೆ ಹೂ ಬಿಟ್ಟ ಕಾಫಿ ಗೆಲ್ಲನ್ನೇ ಮುರಿದು ಟೇಬಲ್ ಮೇಲೆ ಇಟ್ಟವರು ಯಾರು ಅಂತ ಎಲ್ಲರಿಗೂ ಗೊತ್ತು.

ಕುಶಾಲನಗರ ಮಾವ: ಈಗ ಆ ಮಾತು ಯಾಕೆ? ಪರಿಮಳ ಎಷ್ಟು ಚೆನ್ನಾಗಿದೆ ಅಂತ ಅವತ್ತು ನೀವೇ ಹೇಳಿದಿರಿ.

ದೊಡ್ಡಪ್ಪ: ಯಾವ ತೋಟದ್ದು ಅಂತ ಗೊತ್ತಾಗುವ ಮುಂಚೆ ಹೇಳಿದ್ದು. ಹೂಮಳೆ ಬರಲಿಲ್ಲ ಅಂತ ಸ್ಪ್ರಿಂಕ್ಲರ್ ಹಾಕಿ ಅರಳಿಸಿದ ರೊಬಸ್ಟಾ ಅದು. ಹೂ ಹೋದರೆ ಕಾಯಿ ಹೋಯಿತು. ಅಷ್ಟು ಮಾಡಿ ಎರಡು ದಿನಕ್ಕೆ ಬಾಡಿತು.

ಕುಶಾಲನಗರ ಅತ್ತೆ: ಅಣ್ಣ, ನಮ್ಮವರು ತಂದಿದ್ದು ನಾಲ್ಕು ಗೆಲ್ಲು. ಪಾಲಿನ ಸಮಯದಲ್ಲಿ ನಾನು ತೋಟ ಕೇಳಲಿಲ್ಲ. ಅದೂ ಎಲ್ಲರಿಗೂ ಗೊತ್ತು.

ದೊಡ್ಡಪ್ಪ: (ಈ ಸಂದೇಶವನ್ನು ಅಳಿಸಲಾಗಿದೆ)

ಕುಶಾಲನಗರ ಅತ್ತೆ: ಅಳಿಸುವ ಮುಂಚೆ ಓದಿದೆ.

ಚಿಕ್ಕಮ್ಮ: ದಯವಿಟ್ಟು ನಿಲ್ಲಿಸಿ. ಅಜ್ಜಿಯ ಫೋನಿನಲ್ಲೂ ಈ ಗುಂಪು ಇದೆ.

ಮೈಸೂರು ಅತ್ತೆ: ನಾನು ಹೇಳಿದ್ದು ಮಕ್ಕಳ ಉಸಿರಿನ ಬಗ್ಗೆ. ಅದು ಯಾರಿಗೂ ಬೇಡ.

ಶರತ್: ಅತ್ತೆ, ನೀವು ಕಳಿಸಿದ್ದರ ಕೊನೆಯ ಸಾಲು ನೋಡಿ. ಮನಿಪ್ಲಾಂಟ್ ಇಡಿ ಅಂತ ಇದೆ. ಅದೂ ಅದೇ ಕುಟುಂಬದ್ದು, ಅದರಲ್ಲೂ ಅದೇ ಹರಳು.

ಮೈಸೂರು ಅತ್ತೆ: ಹೌದಾ? ನಮ್ಮ ಟಿವಿ ಪಕ್ಕದಲ್ಲಿದೆಯಲ್ಲ. ತೆಗೆಯಬೇಕಾ?

ಶರತ್: ಬೇಡ ಅತ್ತೆ. ಮಗುವಿನ ಕೈಗೆ ಸಿಗದ ಹಾಗೆ ಮೇಲೆ ಇಡಿ, ಸಾಕು.

ಪವನ್: ಪತ್ರೊಡೆ ಮೆನುವಿನಲ್ಲಿ ಇದೆಯಾ?

ಸುಮಾ: ಒಂದು ಮಾತು ಹೇಳಿಬಿಡುತ್ತೇನೆ. ಈ ಹೂಗಳು ಅಂಗಡಿಯದ್ದಲ್ಲ, ಅಜ್ಜಿಯದ್ದು. ಸಿಲ್ವರ್ ಓಕ್ ನೆರಳಲ್ಲಿ, ತೆಂಗಿನ ಸಿಪ್ಪೆ ಹಾಕಿ, ಸೊಂಟ ನೋವಿದ್ದರೂ ದಿನಾ ನೀರು ಹಾಕಿ ಬೆಳೆಸಿದ್ದು. ಬಂದವರೆಲ್ಲ ಅದನ್ನು ನೋಡಬೇಕು ಅನ್ನುವುದು ನನ್ನ ಆಸೆ. ಅದನ್ನು ಗಿಡದಲ್ಲೇ ಬಿಟ್ಟು ಹೊರಗಿನ ಹೂ ಇಡಲು ನಾನು ಒಪ್ಪುವುದಿಲ್ಲ. ಆಂಥೂರಿಯಂ ಕೊಯ್ದ ಮೇಲೂ ತುಂಬ ದಿನ ತಾಳುತ್ತದೆ. ಶುಕ್ರವಾರವೇ ಕೊಯ್ದು ಬಕೆಟ್ ನೀರಿನಲ್ಲಿ ನಿಲ್ಲಿಸುತ್ತೇನೆ. ಚಿಕ್ಕಮ್ಮ, ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ತಣ್ಣಗಾದರೆ ಹೂ ಕಪ್ಪಾಗುತ್ತದೆ.

ದೊಡ್ಡಪ್ಪ: ದಿಂಡು ಎಷ್ಟು ತುಂಡು ಬೇಕು?

ಸುಮಾ: 11 ಸಾಕು ದೊಡ್ಡಪ್ಪ. ಮಕ್ಕಳ ಟೇಬಲ್ ಬಿಟ್ಟು.

ದೊಡ್ಡಪ್ಪ: ಶನಿವಾರ ಜೀಪಿನಲ್ಲಿ ಕಳಿಸುತ್ತೇನೆ. ಒಳ್ಳೆಮೆಣಸು ಕೊಡುವುದಿಲ್ಲ.

ಕುಶಾಲನಗರ ಅತ್ತೆ: ಸುಮಾ, ನಮ್ಮ ಮನೆ ಬೇಲಿಯ ಮರದಲ್ಲಿ ಬಳ್ಳಿ ಇದೆ. ಗೊಂಚಲು ನಾನು ತರುತ್ತೇನೆ.